ಗ್ರ್ಯಾಫೀನ್ ಆಧಾರಿತ ಕ್ರಿಯಾವರ್ಧಕಗಳು: ಇಂಧನ ಕೋಶ ಮತ್ತು ಗಾಳಿ ಬ್ಯಾಟರಿಗಳಲ್ಲಿ ಆಮ್ಲಜನಕದ ಅಪಕರ್ಷಣ

ಇಂಧನ ಕೋಶ ಹಾಗೂ ಲೋಹ-ಗಾಳಿ ಬ್ಯಾಟರಿಗಳ ಕ್ಯಾಥೋಡ್‌ನಲ್ಲಿ ಆಮ್ಲಜನಕ ಅಪಕರ್ಷಣಗೊಳ್ಳುವ ಕ್ರಿಯೆಯನ್ನು ಚುರುಕುಗೊಳಿಸಲು ಗ್ರ್ಯಾಫೀನ್ ಹಾಳೆಗಳಿಂದ ತಯಾರಿಸುವ ವಸ್ತುಗಳು. ಸಾರಜನಕ, ಬೋರಾನ್, ಗಂಧಕದಂಥ ಮೂಲವಸ್ತುಗಳನ್ನು ಬೆರೆಸಿದ, ಲೋಹವಿಲ್ಲದ ಗ್ರ್ಯಾಫೀನ್ ಈ ವರ್ಗಕ್ಕೆ ಸೇರುತ್ತದೆ. ಕಬ್ಬಿಣ ಇಲ್ಲವೆ ಕೋಬಾಲ್ಟ್ ಪರಮಾಣುಗಳನ್ನು ಒಂಟಿಯಾಗಿ ಹುದುಗಿಸಿದ ಹಾಳೆಗಳೂ ಸೇರುತ್ತವೆ. ಪ್ಲಾಟಿನಂ ಅಥವಾ ಲೋಹದ ಆಕ್ಸೈಡ್ ಕಣಗಳನ್ನು ಹೊತ್ತ ಗ್ರ್ಯಾಫೀನ್ ಕೂಡ ಸೇರುತ್ತದೆ. ದುಬಾರಿ ಪ್ಲಾಟಿನಂನ ಬಳಕೆಯನ್ನು ತಗ್ಗಿಸುವುದು, ಸಾಧ್ಯವಾದರೆ ಪೂರ್ತಿ ಬಿಡುವುದು ಈ ಸಂಶೋಧನೆಯ ಗುರಿ. 2009ರಿಂದ ಈಚೆಗೆ ಇಷ್ಟು ವೇಗವಾಗಿ ಬೆಳೆದ ವಿಷಯಗಳು ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಹೆಚ್ಚಿಲ್ಲ. ಹಾಗೆಯೇ, ಯಾವ ಪರಮಾಣು ನಿಜಕ್ಕೂ ಕೆಲಸ ಮಾಡುತ್ತಿದೆ ಎಂಬ ಒಂದೇ ಪ್ರಶ್ನೆಯ ಸುತ್ತ ಇಷ್ಟು ವಾದ ನಡೆದ ವಿಷಯಗಳೂ ಕಡಿಮೆ.

ಜಲಜನಕದ ಇಂಧನ ಕೋಶದಲ್ಲಿ ಎರಡು ಕ್ರಿಯೆಗಳು ಏಕಕಾಲದಲ್ಲಿ ನಡೆಯುತ್ತವೆ. ಆನೋಡ್‌ನಲ್ಲಿ ಜಲಜನಕ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಪ್ರೋಟಾನ್ ಆಗುತ್ತದೆ. ಕ್ಯಾಥೋಡ್‌ನಲ್ಲಿ ಆಮ್ಲಜನಕದ ಅಣು ನಾಲ್ಕು ಎಲೆಕ್ಟ್ರಾನುಗಳನ್ನೂ ನಾಲ್ಕು ಪ್ರೋಟಾನುಗಳನ್ನೂ ಪಡೆದು ಎರಡು ನೀರಿನ ಅಣುಗಳಾಗುತ್ತದೆ. ಮೊದಲನೆಯದು ಪ್ಲಾಟಿನಂ ಮೇಲೆ ಸಲೀಸಾಗಿ ಮುಗಿಯುತ್ತದೆ. ಎರಡನೆಯದು ಅದಕ್ಕಿಂತ ಲಕ್ಷಾಂತರ ಪಟ್ಟು ನಿಧಾನ. ಆಮ್ಲಜನಕದ ಎರಡು ಪರಮಾಣುಗಳ ನಡುವಿನ ದ್ವಿಬಂಧವನ್ನು ಮುರಿಯಲು ಪ್ರತಿ ಮೋಲ್‌ಗೆ ಸುಮಾರು 498 ಕಿಲೋಜೌಲ್ ಶಕ್ತಿ ಬೇಕು. ನಾಲ್ಕು ಎಲೆಕ್ಟ್ರಾನುಗಳು ಒಂದೇ ಬಾರಿಗೆ ಬರುವುದಿಲ್ಲ, ಒಂದೊಂದಾಗಿ ಬರುತ್ತವೆ. ನಡುವಿನ ಪ್ರತಿ ಹಂತದಲ್ಲೂ ಅರೆಬೆಂದ ಅಣುವೊಂದು ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಲೆಕ್ಕದ ಪ್ರಕಾರ ಕೋಶ 1.23 ವೋಲ್ಟ್ ಕೊಡಬೇಕು. ಓಡುವ ವಾಹನದಲ್ಲಿ ಅದು ಕೊಡುವುದು 0.6ರಿಂದ 0.7 ವೋಲ್ಟ್. ಕಳೆದುಹೋದ ಪಾಲಿನಲ್ಲಿ ಹೆಚ್ಚಿನದು ಈ ಒಂದು ಕ್ರಿಯೆಯ ಸೋಮಾರಿತನಕ್ಕೇ ಹೋಗುತ್ತದೆ. ಕ್ಯಾಥೋಡ್‌ಗೆ ಆನೋಡ್‌ಗಿಂತ ಹಲವು ಪಟ್ಟು ಹೆಚ್ಚು ಪ್ಲಾಟಿನಂ ಬಳಿಯುವುದೂ ಇದೇ ಕಾರಣಕ್ಕೆ.

ನಾಲ್ಕು ಎಲೆಕ್ಟ್ರಾನುಗಳ ಈ ದಾರಿಯ ಜೊತೆಗೆ ಅಡ್ಡದಾರಿಯೊಂದಿದೆ. ಎರಡೇ ಎಲೆಕ್ಟ್ರಾನು ಪಡೆದು ಕ್ರಿಯೆ ಅರ್ಧಕ್ಕೆ ನಿಂತರೆ ನೀರಿನ ಬದಲು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಆಗ ಅರ್ಧ ವಿದ್ಯುತ್ತು ನಷ್ಟ, ಮೇಲಾಗಿ ಆನೋಡ್ ಮತ್ತು ಕ್ಯಾಥೋಡ್‌ಗಳ ನಡುವಿನ ಪೊರೆಯನ್ನು ಪೆರಾಕ್ಸೈಡ್ ತಿಂದುಹಾಕುತ್ತದೆ. ಶುದ್ಧ ಇಂಗಾಲದ ಮೇಲ್ಮೈಗಳು ಸಾಮಾನ್ಯವಾಗಿ ಈ ಅಡ್ಡದಾರಿಗೇ ಎಳೆಯುತ್ತವೆ.

ಒಳ್ಳೆಯ ಕ್ರಿಯಾವರ್ಧಕ ಆಮ್ಲಜನಕವನ್ನು ಹದವಾಗಿ ಹಿಡಿಯಬೇಕು. ಹಿಡಿತ ಸಡಿಲವಾದರೆ ಬಂಧ ಮುರಿಯದು, ಬಿಗಿಯಾದರೆ ನಡುವಿನ ಹಂತದ ಅಣುಗಳು ನೀರಾಗಿ ಜಾಗ ಬಿಟ್ಟು ಹೋಗವು. 2004ರಲ್ಲಿ ಡೆನ್ಮಾರ್ಕಿನ ಯೆನ್ಸ್ ನಾರ್ಸ್ಕೋವ್ ಮತ್ತು ಸಂಗಡಿಗರು ಲೋಹಗಳ ಈ ಹಿಡಿತವನ್ನು ಕ್ವಾಂಟಂ ಲೆಕ್ಕಾಚಾರದಿಂದ ಅಳೆದು, ಚಟುವಟಿಕೆಯ ನಕ್ಷೆ ಬರೆದರು. ನಕ್ಷೆ ಪರ್ವತದ ಆಕಾರದಲ್ಲಿತ್ತು, ಪ್ಲಾಟಿನಂ ಶಿಖರದ ಹತ್ತಿರವಿತ್ತು, ಆದರೆ ಶಿಖರದ ಮೇಲಿರಲಿಲ್ಲ: ಅದರ ಹಿಡಿತ ತುಸು ಹೆಚ್ಚು ಬಿಗಿ. ಪ್ಲಾಟಿನಂ ಕೊನೆಯ ಮಾತಲ್ಲ ಎಂಬುದಕ್ಕೆ ಇದು ಸ್ಪಷ್ಟವಾದ ಸೈದ್ಧಾಂತಿಕ ಆಧಾರ ಒದಗಿಸಿತು. ಪ್ಲಾಟಿನಂ ಭೂಮಿಯ ಕೆಲವೇ ಕಡೆ ಸಿಗುತ್ತದೆ, ಅದರ ಬಹುಪಾಲು ಬರುವುದು ದಕ್ಷಿಣ ಆಫ್ರಿಕದ ಗಣಿಗಳಿಂದ ಎಂಬುದು ಹುಡುಕಾಟದ ಹಿಂದಿನ ಆರ್ಥಿಕ ಒತ್ತಡ.

ಗ್ರ್ಯಾಫೀನ್‌ಗೂ ಮೊದಲು

ಬೆಲೆಬಾಳುವ ಲೋಹವಿಲ್ಲದೆ ಆಮ್ಲಜನಕವನ್ನು ಅಪಕರ್ಷಿಸುವ ಯೋಚನೆ ಗ್ರ್ಯಾಫೀನ್‌ಗಿಂತ ನಾಲ್ಕು ದಶಕ ಹಳೆಯದು. 1964ರಲ್ಲಿ ರೇಮಂಡ್ ಜಸಿನ್ಸ್ಕಿ, ನೀಲಿ ವರ್ಣದ್ರವ್ಯಗಳ ಕುಟುಂಬಕ್ಕೆ ಸೇರಿದ ಕೋಬಾಲ್ಟ್ ಥ್ಯಾಲೊಸಯನಿನ್ ಕ್ಷಾರ ದ್ರಾವಣದಲ್ಲಿ ಈ ಕೆಲಸ ಮಾಡುತ್ತದೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಅಣುವಿನ ನಡುವೆ ಒಂದು ಲೋಹ ಪರಮಾಣು, ಅದರ ಸುತ್ತ ನಾಲ್ಕು ಸಾರಜನಕ. ರಕ್ತದ ಹೀಮ್‌ನಲ್ಲೂ ಇದೇ ಜೋಡಣೆ. ನಮ್ಮ ಜೀವಕೋಶಗಳ ಒಳಗೆ ಉಸಿರಿನ ಆಮ್ಲಜನಕವನ್ನು ನೀರಾಗಿಸುವ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವದಲ್ಲೂ ಹೀಮ್ ಇದೆ. ಜೀವಿಗಳು ಪ್ಲಾಟಿನಂ ಇಲ್ಲದೆ ಈ ಕೆಲಸವನ್ನು ಅನಾದಿಯಿಂದ ಮಾಡಿಕೊಂಡು ಬಂದಿವೆ. 1970ರ ದಶಕದಲ್ಲಿ ಇಂಥ ಅಣುಗಳನ್ನು ಇಂಗಾಲದ ಜೊತೆ ಕಾಯಿಸಿದರೆ ಬಾಳಿಕೆ ಹೆಚ್ಚುತ್ತದೆಂದು ತಿಳಿಯಿತು. 1989ರಲ್ಲಿ ಅರ್ನೆಸ್ಟ್ ಯೀಗರ್ ತಂಡ ದುಬಾರಿ ಅಣುಗಳೂ ಬೇಡವೆಂದು ತೋರಿಸಿತು: ಸಾರಜನಕವುಳ್ಳ ಪಾಲಿಮರ್, ಅಗ್ಗದ ಲೋಹದ ಲವಣ, ಇಂಗಾಲದ ಪುಡಿ ಇಷ್ಟನ್ನು ಒಟ್ಟಿಗೆ ಕಾಯಿಸಿದರೂ ಸಾಕು. ಮುಂದೆ ಕೆನಡಾದ ಜಾನ್-ಪಾಲ್ ದೊದೆಲೆ ತಂಡ 2009ರಲ್ಲೂ, ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಪಿಯೋಟರ್ ಝೆಲೆನೆ ತಂಡ 2011ರಲ್ಲೂ ಇದೇ ದಾರಿಯಲ್ಲಿ ಕಬ್ಬಿಣದ ಕ್ರಿಯಾವರ್ಧಕಗಳನ್ನು ಪ್ಲಾಟಿನಂನ ಸಮೀಪಕ್ಕೆ ತಂದವು. ಈ ಕಪ್ಪು ಪುಡಿಗಳ ಒಳಗೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಗ್ರ್ಯಾಫೀನ್‌ನ ತುಣುಕುಗಳು.

ಹಾಳೆ ಮತ್ತು ಅದರ ದೋಷಗಳು

ಗ್ರ್ಯಾಫೀನ್ ಎಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ 2004ರಲ್ಲಿ ಗ್ರ್ಯಾಫೈಟಿನಿಂದ ಅಂಟುಪಟ್ಟಿಯಲ್ಲಿ ಅದನ್ನು ಎಬ್ಬಿಸಿ ಪ್ರಕಟಿಸಿದರು, 2010ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ಕ್ರಿಯಾವರ್ಧಕ ತಯಾರಿಸುವವರನ್ನು ಸೆಳೆದದ್ದು ಅದರ ಎರಡು ಗುಣಗಳು: ವಿದ್ಯುತ್ತನ್ನು ಅಡ್ಡಿಯಿಲ್ಲದೆ ಹರಿಯಬಿಡುತ್ತದೆ, ಒಂದು ಗ್ರಾಂ ಗ್ರ್ಯಾಫೀನ್‌ನ ಎರಡೂ ಮುಖಗಳನ್ನು ಹರಡಿದರೆ ಸುಮಾರು 2,630 ಚದರ ಮೀಟರ್ ವಿಸ್ತಾರ ಸಿಗುತ್ತದೆ. ಇಂಧನ ಕೋಶಗಳಲ್ಲಿ ವಾಡಿಕೆಯಾಗಿ ಬಳಸುವ ವಲ್ಕನ್ ಎಂಬ ಇಂಗಾಲದ ಪುಡಿಯಲ್ಲಿ ಇದು ಸುಮಾರು 250 ಚದರ ಮೀಟರ್.

ಆದರೆ ದೋಷವಿಲ್ಲದ ಗ್ರ್ಯಾಫೀನ್ ಕ್ರಿಯಾವರ್ಧಕವಾಗಿ ಹೆಚ್ಚುಕಡಿಮೆ ನಿರುಪಯೋಗಿ. ಪ್ರತಿ ಇಂಗಾಲವೂ ಮೂರು ನೆರೆಯ ಇಂಗಾಲಗಳೊಡನೆ ಸಮನಾಗಿ ಬೆಸೆದುಕೊಂಡು ತೃಪ್ತವಾಗಿರುತ್ತದೆ. ಆಮ್ಲಜನಕಕ್ಕೆ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ. ಹಾಳೆ ಹರಿದಲ್ಲಿ, ಅಂಚಿನಲ್ಲಿ, ಒಂದು ಪರಮಾಣು ತಪ್ಪಿಹೋದಲ್ಲಿ, ಬೇರೆ ಪರಮಾಣು ಬಂದು ಕುಳಿತಲ್ಲಿ ಮಾತ್ರ ಸಮತೋಲ ಕೆಡುತ್ತದೆ, ಅಲ್ಲಿ ಕ್ರಿಯೆ ನಡೆಯುತ್ತದೆ. ಭೌತವಿಜ್ಞಾನಿಗಳು ನಿರ್ದೋಷ ಹಾಳೆಗಾಗಿ ಪರಿಶ್ರಮಪಟ್ಟರೆ, ಈ ಕ್ಷೇತ್ರದ ರಸಾಯನಜ್ಞರ ಕೆಲಸವೆಲ್ಲ ಅದನ್ನು ಅಳೆದು ಕೆಡಿಸುವುದು.

ಕೆಡಿಸುವ ಮುಖ್ಯ ಉಪಾಯ ಸಾರಜನಕದ ಬೆರಕೆ. ಸಾರಜನಕ ಇಂಗಾಲಕ್ಕಿಂತ ಬಲವಾಗಿ ಎಲೆಕ್ಟ್ರಾನುಗಳನ್ನು ಎಳೆಯುತ್ತದೆ. ಪಾಲಿಂಗ್ ಅಳತೆಯಲ್ಲಿ ಇಂಗಾಲದ ವಿದ್ಯುದೃಣತೆ 2.55, ಸಾರಜನಕದ್ದು 3.04. ಪಕ್ಕದ ಇಂಗಾಲದಲ್ಲಿ ಸ್ವಲ್ಪ ಧನ ಆವೇಶ ಉಂಟಾಗಿ ಆಮ್ಲಜನಕ ಅಲ್ಲಿ ಬಂದು ಕೂರುತ್ತದೆ ಎಂಬುದು ಮೊದಲು ಮುಂದಿಟ್ಟ ವಿವರಣೆ. ಬೋರಾನ್ ಬೆರೆಸಿದಾಗಲೂ, ಅದರ ಎಳೆತ ಇಂಗಾಲಕ್ಕಿಂತ ಕಡಿಮೆಯಿದ್ದರೂ, ಚಟುವಟಿಕೆ ಹೆಚ್ಚುವುದು ಕಂಡುಬಂತು. ಅಲ್ಲಿ ಬೋರಾನೇ ಧನ ಆವೇಶದ ಜಾಗ ಎಂದುಕೊಳ್ಳಬಹುದು. ಗಂಧಕದ್ದು ಮಾತ್ರ ಈ ವಿವರಣೆಗೆ ಒಗ್ಗುವುದಿಲ್ಲ. ಅದರ ಎಳೆತ 2.58, ಇಂಗಾಲಕ್ಕೆ ಸರಿಸುಮಾರು ಸಮ. ಆದರೂ ಗಂಧಕ ಬೆರೆಸಿದ ಗ್ರ್ಯಾಫೀನ್ ಕೆಲಸ ಮಾಡುತ್ತದೆ. ಹೀಗಾಗಿ ಆವೇಶದ ಜೊತೆಗೆ ಎಲೆಕ್ಟ್ರಾನುಗಳ ಸ್ಪಿನ್ ಹಂಚಿಕೆಯೂ ಹಾಳೆಯ ಅಂಚುಗಳೂ ಲೆಕ್ಕಕ್ಕೆ ಬಂದವು. ಎರಡು ಬೆರಕೆ ಸೇರಿದರೆ ಒಂದಕ್ಕಿಂತ ಮೇಲು ಎಂಬುದನ್ನು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಶಿಝಾಂಗ್ ಚಿಯಾವ್ ತಂಡ 2012ರಲ್ಲಿ ಸಾರಜನಕ-ಗಂಧಕದ ಜೋಡಿಯಿಂದ ತೋರಿಸಿತು.

ಲೋಹವಿಲ್ಲದ ಇಂಗಾಲದ ಮೇಲೆ ಲೋಕದ ಕಣ್ಣು ಬೀಳುವಂತೆ ಮಾಡಿದ್ದು ಲಿಮಿಂಗ್ ಡೈ ತಂಡ. 2009ರಲ್ಲಿ ಅವರು ಸಾರಜನಕ ಬೆರೆತ ಇಂಗಾಲದ ನ್ಯಾನೋ ಕೊಳವೆಗಳು ಕ್ಷಾರದಲ್ಲಿ ಪ್ಲಾಟಿನಂನ್ನು ಮೀರಿಸುತ್ತವೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮರುವರ್ಷ ನಿಕಲ್ ಪದರದ ಮೇಲೆ ಮೀಥೇನ್ ಮತ್ತು ಅಮೋನಿಯಾ ಹಾಯಿಸಿ ಬೆಳೆಸಿದ ಗ್ರ್ಯಾಫೀನ್‌ನಲ್ಲೂ ಇದನ್ನೇ ಕಂಡರು. ಅದೇ 2009ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಬೋರಾನ್ ಮತ್ತು ಸಾರಜನಕ ಬೆರೆತ ಗ್ರ್ಯಾಫೀನ್ ತಯಾರಿಕೆ, ರಚನೆ, ಗುಣಗಳನ್ನು ಕುರಿತ ಪ್ರಬಂಧ ಪ್ರಕಟಿಸಿತು. ಜಲಜನಕ ತುಂಬಿದ ಪಾತ್ರೆಯಲ್ಲಿ ಗ್ರ್ಯಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಚಾಪ ಹೊತ್ತಿಸಿ, ಪಿರಿಡಿನ್ ಆವಿ ಅಥವಾ ಡೈಬೋರೇನ್ ಸೇರಿಸುವುದು ಅವರ ವಿಧಾನ. ಬೆರಕೆಯ ಗ್ರ್ಯಾಫೀನ್ ಕುರಿತ ಮೊದಮೊದಲ ವ್ಯವಸ್ಥಿತ ಅಧ್ಯಯನಗಳಲ್ಲಿ ಇದಕ್ಕೆ ಸ್ಥಾನವಿದೆ. ಅದು ಆಮ್ಲಜನಕದ ಅಪಕರ್ಷಣವನ್ನೇ ಗುರಿಯಾಗಿಟ್ಟ ಕೆಲಸವಾಗಿರಲಿಲ್ಲ. ಹಾಳೆಯೊಳಗೆ ಬೇರೆ ಪರಮಾಣು ಹೊಕ್ಕಾಗ ಏನಾಗುತ್ತದೆ ಎಂಬ ಮೂಲ ಪ್ರಶ್ನೆಯನ್ನು ಎತ್ತಿಕೊಂಡಿತ್ತು.

ಯಾವುದು ಕೆಲಸ ಮಾಡುತ್ತಿದೆ?

ಪ್ರಯೋಗಾಲಯಗಳಲ್ಲಿ ಬಳಕೆಯಾಗುವ ಗ್ರ್ಯಾಫೀನ್‌ನ ಬಹುಪಾಲು ಅಂಟುಪಟ್ಟಿಯಿಂದ ಬಂದದ್ದಲ್ಲ, ಹಮ್ಮರ್ಸ್ ವಿಧಾನದಿಂದ ಬಂದದ್ದು. 1958ರಲ್ಲಿ ಹಮ್ಮರ್ಸ್ ಮತ್ತು ಆಫೆಮನ್ ವಿವರಿಸಿದ ಈ ವಿಧಾನದಲ್ಲಿ ಗ್ರ್ಯಾಫೈಟ್ ಪುಡಿಯನ್ನು ಪ್ರಬಲ ಗಂಧಕಾಮ್ಲ ಮತ್ತು ಸೋಡಿಯಂ ನೈಟ್ರೇಟಿನಲ್ಲಿ ಕಲಸಿ, ಮಂಜುಗಡ್ಡೆಯ ಮೇಲಿಟ್ಟು, ಪೊಟ್ಯಾಸಿಯಂ ಪರ್ಮಾಂಗನೇಟನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾರೆ. ಬಿಸಿ ಏರಿದರೆ ಸಿಡಿಯುವ ಅಪಾಯವಿದೆ. ಮಿಶ್ರಣ ಕಂದುಬಣ್ಣದ ಗಟ್ಟಿ ಸರಿಯಾಗುತ್ತದೆ. ಕೊನೆಗೆ ನೀರು ಬೆರೆಸಿ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದಾಗ ಬುರುಗು ಎದ್ದು ಇಡೀ ಪಾತ್ರೆ ಕಡುಹಳದಿಗೆ ತಿರುಗುತ್ತದೆ. ಉಳಿದ ಪರ್ಮಾಂಗನೇಟ್ ನೀರಿನಲ್ಲಿ ಕರಗುವ ಮ್ಯಾಂಗನೀಸ್ ಲವಣವಾಗಿ ತೊಳೆದುಹೋಗುತ್ತದೆ. ಈ ಹಳದಿ ಗ್ರ್ಯಾಫೈಟ್ ಆಕ್ಸೈಡನ್ನು ಅಮೋನಿಯಾ, ಯೂರಿಯಾ ಅಥವಾ ಮೆಲಮಿನ್ ಜೊತೆ 700ರಿಂದ 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಶೇಕಡಾ ಕೆಲವು ಪಾಲು ಸಾರಜನಕವುಳ್ಳ ಕಪ್ಪು ಪುಡಿ ಕೈಗೆ ಬರುತ್ತದೆ.

ತೊಳೆದುಹೋಗುತ್ತದೆ ಎಂದದ್ದು ಪೂರ್ತಿ ನಿಜವಲ್ಲ. ಮ್ಯಾಂಗನೀಸಿನ ಲವಲೇಶ ಹಾಳೆಗಳ ನಡುವೆ ಉಳಿದುಬಿಡುತ್ತದೆ, ಗಣಿಯ ಗ್ರ್ಯಾಫೈಟಿನಿಂದ ಕಬ್ಬಿಣವೂ ಬರುತ್ತದೆ. ಮ್ಯಾಂಗನೀಸ್ ಆಕ್ಸೈಡಾದರೋ ಕ್ಷಾರದಲ್ಲಿ ಆಮ್ಲಜನಕವನ್ನು ಅಪಕರ್ಷಿಸುವ ಹೆಸರಾಂತ ಕ್ರಿಯಾವರ್ಧಕ. 2013ರಲ್ಲಿ ಮಾರ್ಟಿನ್ ಪುಮೇರಾ ತಂಡ, ‘ಲೋಹವಿಲ್ಲದ’ ಎಂದು ಕರೆಸಿಕೊಂಡ ಬೆರಕೆಯ ಗ್ರ್ಯಾಫೀನ್‌ಗಳಲ್ಲಿ ಕಂಡ ಚಟುವಟಿಕೆಗೆ ಈ ಲೋಹದ ಕಲ್ಮಶಗಳೇ ಕಾರಣವೆಂದು ವಾದಿಸಿತು. ಅಲ್ಲಿಯವರೆಗೆ ಪ್ರಕಟವಾಗಿದ್ದ ಹಲವು ಫಲಿತಾಂಶಗಳನ್ನು ಮತ್ತೆ ಪರಿಶೀಲಿಸಬೇಕಾಯಿತು. ಅದೇ ತಂಡ 2020ರಲ್ಲಿ ಗ್ರ್ಯಾಫೀನ್‌ಗೆ ಹಕ್ಕಿಯ ಹಿಕ್ಕೆ ಬೆರೆಸಿ ಕಾಯಿಸಿ, ಬೆರಕೆಯಿಲ್ಲದ ಗ್ರ್ಯಾಫೀನ್‌ಗಿಂತ ಅದು ಚುರುಕಾಗಿರುವುದನ್ನು ಪ್ರಕಟಿಸಿತು. ಹಿಕ್ಕೆಯಲ್ಲಿ ಸಾರಜನಕ, ರಂಜಕ, ಗಂಧಕ ಎಲ್ಲವೂ ಇರುತ್ತವೆ. ಹೊಸ ಬೆರಕೆಯೊಂದು ಚಟುವಟಿಕೆ ಹೆಚ್ಚಿಸಿತೆಂಬುದೇ ಸಾಧನೆಯಲ್ಲ, ಏಕೆ ಹೆಚ್ಚಿಸಿತೆಂದು ಹೇಳಬೇಕು ಎಂಬುದು ಆ ಪ್ರಬಂಧದ ಆಗ್ರಹ. ಈ ಟೀಕೆಯಿಂದ ಕ್ಷೇತ್ರಕ್ಕೆ ಆದದ್ದು ಒಳ್ಳೆಯದೇ. ಇಂದು ಲೋಹದ ಪ್ರಮಾಣವನ್ನು ಅಳೆದು ತೋರಿಸದ ‘ಲೋಹರಹಿತ’ ಕ್ರಿಯಾವರ್ಧಕವನ್ನು ತಜ್ಞರು ಒಪ್ಪುವುದು ಕಷ್ಟ.

ಸಾರಜನಕಕ್ಕೆ ತನ್ನದೇ ಆದ ಪಾತ್ರವಿದೆ ಎಂಬುದನ್ನು ಗಟ್ಟಿಮಾಡಿದ್ದು ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಜುಂಜಿ ನಕಾಮುರಾ ತಂಡ. ಸಾರಜನಕ ಹಾಳೆಯಲ್ಲಿ ಹಲವು ಬಗೆಯಲ್ಲಿ ಕೂರುತ್ತದೆ: ಅಂಚಿನಲ್ಲಿ ಎರಡೇ ಇಂಗಾಲಗಳಿಗೆ ಅಂಟಿದ ಪಿರಿಡಿನಿಕ್ ಸಾರಜನಕ, ಐದು ಪರಮಾಣುಗಳ ಉಂಗುರದಲ್ಲಿರುವ ಪಿರೋಲಿಕ್, ಹಾಳೆಯ ಒಳಗೆ ಮೂರು ಇಂಗಾಲಗಳ ನಡುವೆ ಇಂಗಾಲದ ಜಾಗವನ್ನೇ ಹಿಡಿದ ಗ್ರ್ಯಾಫೈಟಿಕ್. ಎಲ್ಲವೂ ಬೆರೆತ ಪುಡಿಯಲ್ಲಿ ಯಾರ ಪಾಲು ಎಷ್ಟೆಂದು ಬಿಡಿಸುವುದು ಅಸಾಧ್ಯ. ನಕಾಮುರಾ ತಂಡ ಪುಡಿಯನ್ನು ಬಿಟ್ಟು, ಅಚ್ಚುಕಟ್ಟಾದ ಗ್ರ್ಯಾಫೈಟ್ ಹರಳಿನ ಮೇಲೆ ಒಂದೊಂದು ಬಗೆಯ ಸಾರಜನಕವೇ ಮೇಲುಗೈಯಾಗುವಂತೆ ಮಾದರಿಗಳನ್ನು ಮಾಡಿತು. ಪಿರಿಡಿನಿಕ್ ಸಾರಜನಕ ಹೆಚ್ಚಿದಂತೆಲ್ಲ ಚಟುವಟಿಕೆ ಹೆಚ್ಚಿತು. ಕ್ರಿಯೆ ನಡೆಯುವ ಜಾಗ ಆ ಸಾರಜನಕವಲ್ಲ, ಅದರ ಪಕ್ಕದ ಇಂಗಾಲ. 2016ರ ಈ ಪ್ರಬಂಧ ವಾದವನ್ನು ಪೂರ್ತಿ ಮುಗಿಸಲಿಲ್ಲ. ಗ್ರ್ಯಾಫೈಟಿಕ್ ಸಾರಜನಕದ ಪರ ನಿಲ್ಲುವವರೂ, ಸಾರಜನಕ ಬಿಟ್ಟುಹೋದ ಮೇಲೆ ಉಳಿಯುವ ಐದು-ಏಳು ಭುಜಗಳ ವಿಕೃತ ಉಂಗುರಗಳೇ ಮುಖ್ಯ ಎನ್ನುವವರೂ ಇದ್ದಾರೆ. ಆದರೂ ಒಂದು ಪ್ರಶ್ನೆಯನ್ನು ಹೇಗೆ ಕೇಳಬೇಕು ಎಂಬುದಕ್ಕೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ.

ಆಮ್ಲದಲ್ಲಿ ಕೆಲಸ ಮಾಡುವ ಕೋಶಗಳಿಗೆ ಲೋಹವನ್ನು ಬೇಕೆಂದೇ ಸೇರಿಸಿದ ಹಾಳೆಗಳೇ ಮುಂದಿವೆ. ಇವುಗಳಲ್ಲಿ ಒಂಟಿ ಕಬ್ಬಿಣದ ಪರಮಾಣು ನಾಲ್ಕು ಸಾರಜನಕಗಳ ನಡುವೆ ಕುಳಿತು ಗ್ರ್ಯಾಫೀನ್‌ನಲ್ಲಿ ಹುದುಗಿರುತ್ತದೆ. ಸಿಂಕ್ರೋಟ್ರಾನ್ ಎಕ್ಸ್-ಕಿರಣಗಳಿಂದ ಈ ಜೋಡಣೆಗೆ 2015ರಲ್ಲಿ ಗಟ್ಟಿ ಪುರಾವೆ ಸಿಕ್ಕಿತು. 2017ರಲ್ಲಿ ಲಾಸ್ ಅಲಮೋಸ್ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಒಂಟಿ ಕಬ್ಬಿಣವನ್ನೂ ಸುತ್ತಲಿನ ಸಾರಜನಕವನ್ನೂ ಗುರುತಿಸಿತು. ಆದರೆ ಇವುಗಳ ಆಯಸ್ಸು ಕಡಿಮೆ. ಆಮ್ಲದಲ್ಲಿ ಕಬ್ಬಿಣ ತನ್ನ ಜಾಗ ಬಿಟ್ಟು ಕರಗುತ್ತದೆ. ಕರಗಿದ ಕಬ್ಬಿಣ ಪೆರಾಕ್ಸೈಡನ್ನು ಸಂಧಿಸಿದರೆ ಫೆಂಟನ್ ಕ್ರಿಯೆ ನಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹುಟ್ಟಿ ಪೊರೆಯನ್ನೂ ಇಂಗಾಲವನ್ನೂ ಒಟ್ಟಿಗೆ ಕೆಡಿಸುತ್ತವೆ. ಕಬ್ಬಿಣದ ಬದಲು ಕೋಬಾಲ್ಟ್ ಅಥವಾ ಮ್ಯಾಂಗನೀಸ್ ಹಾಕುವ ಪ್ರಯತ್ನಗಳ ಹಿಂದಿರುವುದು ಈ ಭಯ.

ತಟ್ಟೆಯಿಂದ ಕೋಶಕ್ಕೆ

ಹೊಸ ಕ್ರಿಯಾವರ್ಧಕದ ಮೊದಲ ಪರೀಕ್ಷೆ ನಡೆಯುವುದು ತಿರುಗುವ ತಟ್ಟೆಯ ಮೇಲೆ. ಪುಡಿಯನ್ನು ದ್ರಾವಕದಲ್ಲಿ ಕದಡಿ ಶಾಯಿ ಮಾಡಿ, ಗಾಜಿನಂತೆ ಹೊಳೆಯುವ ಇಂಗಾಲದ ಪುಟ್ಟ ತಟ್ಟೆಗೆ ಕೆಲವು ಮೈಕ್ರೋಲೀಟರ್ ಹನಿಸಿ ಒಣಗಿಸುತ್ತಾರೆ. ಅದನ್ನು ಆಮ್ಲಜನಕ ತುಂಬಿದ ಕ್ಷಾರದಲ್ಲೋ ಆಮ್ಲದಲ್ಲೋ ಮುಳುಗಿಸಿ, ಸಾಮಾನ್ಯವಾಗಿ ನಿಮಿಷಕ್ಕೆ 1600 ಸುತ್ತಿನಂತೆ ತಿರುಗಿಸುತ್ತ ವೋಲ್ಟೇಜ್ ಇಳಿಸಿದರೆ ವಿದ್ಯುತ್ ಪ್ರವಾಹ ಮೆಲ್ಲಗೆ ಏರಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಏರಿಕೆಯ ಅರ್ಧದಲ್ಲಿರುವ ವೋಲ್ಟೇಜ್ ಎಷ್ಟು ಹೆಚ್ಚೋ ಕ್ರಿಯಾವರ್ಧಕ ಅಷ್ಟು ಒಳ್ಳೆಯದು. ತಟ್ಟೆಯ ಸುತ್ತ ಪ್ಲಾಟಿನಂ ಉಂಗುರವೊಂದಿದ್ದರೆ ಹೊರಬೀಳುವ ಪೆರಾಕ್ಸೈಡನ್ನು ಅದು ಹಿಡಿದು ಲೆಕ್ಕ ಹೇಳುತ್ತದೆ. ಎಚ್ಚರಿಕೆ ಬೇಕಾದ ಅಂಶವೊಂದುಂಟು: ಎದುರು ಎಲೆಕ್ಟ್ರೋಡ್ ಆಗಿ ಪ್ಲಾಟಿನಂ ತಂತಿ ಬಳಸಿದರೆ ಅದು ಕರಗಿ ಬಂದು ಪರೀಕ್ಷೆಯ ಗ್ರ್ಯಾಫೀನ್ ಮೇಲೆ ಕೂರಬಹುದು. ಗ್ರ್ಯಾಫೈಟ್ ಕಡ್ಡಿ ಬಳಸುವುದು ಕ್ಷೇಮ.

ತಟ್ಟೆಯಲ್ಲಿ ಗೆದ್ದ ಎಷ್ಟೋ ವಸ್ತುಗಳು ಕೋಶದಲ್ಲಿ ಸೋಲುತ್ತವೆ. ಕೋಶದಲ್ಲಿ ಅನಿಲ ಒಳಬರಬೇಕು, ನೀರು ಹೊರಹೋಗಬೇಕು, ಪ್ರೋಟಾನು ಮತ್ತು ಎಲೆಕ್ಟ್ರಾನು ಒಂದೇ ಬಿಂದುವಿನಲ್ಲಿ ಸೇರಬೇಕು. ಗ್ರ್ಯಾಫೀನ್‌ನ ರಚನೆಯೇ ಇಲ್ಲಿ ತೊಡಕು. ಒದ್ದೆ ಹಪ್ಪಳಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುವ ಹಾಗೆ ಹಾಳೆಗಳು ಒಣಗುವಾಗ ಒಂದಕ್ಕೊಂದು ಅಂಟಿ ಮತ್ತೆ ಗ್ರ್ಯಾಫೈಟಿನತ್ತ ಮರಳುತ್ತವೆ, 2,630 ಚದರ ಮೀಟರಿನ ಬಹುಭಾಗ ಮಾಯವಾಗುತ್ತದೆ. ಅಂಟದೆ ಉಳಿದರೂ ಅಡ್ಡಲಾಗಿ ಮಲಗಿದ ಹಾಳೆ ಅನಿಲಕ್ಕೆ ಗೋಡೆ. ನಿರ್ದೋಷ ಗ್ರ್ಯಾಫೀನ್ ಹೀಲಿಯಂ ಅನ್ನೂ ದಾಟಲು ಬಿಡದು. ಹಾಳೆಗಳ ನಡುವೆ ಇಂಗಾಲದ ಪುಡಿಯನ್ನೋ ನ್ಯಾನೋ ಕೊಳವೆಗಳನ್ನೋ ತೂರಿಸುವುದು, ಹಾಳೆಯಲ್ಲೇ ರಂಧ್ರ ಕೊರೆಯುವುದು, ಸ್ಪಂಜಿನ ರೂಪದಲ್ಲಿ ಬೆಳೆಸುವುದು ಇದಕ್ಕೆ ಕಂಡುಕೊಂಡ ಪರಿಹಾರಗಳು. ಚಟುವಟಿಕೆ ಕಡಿಮೆಯಿರುವುದರಿಂದ ಕಬ್ಬಿಣ-ಸಾರಜನಕದ ಕ್ಯಾಥೋಡನ್ನು ಪ್ಲಾಟಿನಂನದಕ್ಕಿಂತ ಹಲವು ಪಟ್ಟು ದಪ್ಪವಾಗಿ ಬಳಿಯಬೇಕು, ಆಗ ಅನಿಲದ ದಾರಿ ಇನ್ನೂ ಉದ್ದವಾಗುತ್ತದೆ.

ಇನ್ನೊಂದು ಮಿತಿ ಉಷ್ಣಬಲವಿಜ್ಞಾನದ್ದು. ಇಂಗಾಲ ನೀರಿನೊಡನೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಲು 0.207 ವೋಲ್ಟ್ ಸಾಕು. ಕ್ಯಾಥೋಡ್ ಇರುವುದು ಅದಕ್ಕಿಂತ ಬಹಳ ಮೇಲೆ. ಆ ಕ್ರಿಯೆ ನಿಧಾನವಾದ್ದರಿಂದ ಮಾತ್ರ ಇಂಗಾಲ ಉಳಿದುಕೊಂಡಿದೆ. ಕಾರನ್ನು ನಿಲ್ಲಿಸಿ ಮತ್ತೆ ಹೊರಡಿಸುವ ಕ್ಷಣಗಳಲ್ಲಿ ವೋಲ್ಟೇಜ್ ಜಿಗಿದಾಗ ಸವೆತ ಜೋರಾಗುತ್ತದೆ, ಅದೂ ದೋಷಗಳಿರುವ ಕಡೆಯೇ ಮೊದಲು. ಚಟುವಟಿಕೆ ಕೊಡುವ ಜಾಗವೇ ಕೊರೆತ ಶುರುವಾಗುವ ಜಾಗ ಎಂಬುದು ಈ ವಸ್ತುಗಳ ಮೂಲಭೂತ ಇಕ್ಕಟ್ಟು. ಅಮೆರಿಕದ ಇಂಧನ ಇಲಾಖೆ ಕಾರುಗಳ ಕೋಶಕ್ಕೆ ಇಟ್ಟ ಗುರಿ 5,000 ಗಂಟೆಗಳ ಬಾಳಿಕೆ, ಅಂತಿಮವಾಗಿ 8,000. ಪ್ಲಾಟಿನಂ ಬಿಟ್ಟ ಕೋಶಗಳು ಆಮ್ಲದಲ್ಲಿ ಇದಕ್ಕೆ ಇನ್ನೂ ದೂರ. ಮಾರುಕಟ್ಟೆಗೆ ಬಂದದ್ದು ಚಿಕ್ಕ ಪ್ರಮಾಣದಲ್ಲಿ: 2017ರಲ್ಲಿ ಕೆನಡಾದ ಬಲ್ಲಾರ್ಡ್, ಜಪಾನಿನ ನಿಶಿನ್ಬೊ ಕಂಪನಿಯ ಇಂಗಾಲದ ಕ್ರಿಯಾವರ್ಧಕ ಬಳಸಿದ 30 ವಾಟ್ ಕೋಶವನ್ನು ಘೋಷಿಸಿತು. ಪ್ಲಾಟಿನಂನ್ನು ಬಿಡದೆ ಅದಕ್ಕೆ ಗ್ರ್ಯಾಫೀನ್ ಹೊದಿಸುವ ದಾರಿ ಹೆಚ್ಚು ವ್ಯಾವಹಾರಿಕ ಎಂದು ಈ ಲೇಖಕನ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ಯು ಹುವಾಂಗ್ ತಂಡ 2022ರಲ್ಲಿ ಪ್ಲಾಟಿನಂ-ಕೋಬಾಲ್ಟ್ ಕಣಗಳನ್ನು ಗ್ರ್ಯಾಫೀನ್‌ನ ಪುಟ್ಟ ಚೀಲಗಳೊಳಗೆ ಇಟ್ಟು, ಅತಿ ಕಡಿಮೆ ಪ್ಲಾಟಿನಂನಲ್ಲೂ ಕಣಗಳು ಒಂದಾಗಿ ದಪ್ಪಗಾಗದಂತೆ ತಡೆಯಿತು.

ಗಾಳಿ ಬ್ಯಾಟರಿಗಳು

ಕ್ಷಾರದಲ್ಲಿ ಚಿತ್ರ ಹೆಚ್ಚು ಆಶಾದಾಯಕ. ಕಿವಿ ಕೇಳಿಸದವರ ಶ್ರವಣ ಯಂತ್ರದೊಳಗಿನ ಗುಂಡಿಯಾಕಾರದ ಕೋಶ ಸತು-ಗಾಳಿ ಬ್ಯಾಟರಿಯೇ. ಬೆನ್ನಿನ ಬಣ್ಣದ ಅಂಟುಚೀಟಿ ಕಿತ್ತರೆ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ; ಅವುಗಳಿಂದ ಗಾಳಿ ಒಳಹೊಕ್ಕು ಕೋಶ ಎಚ್ಚರಗೊಳ್ಳಲು ನಿಮಿಷವಾದರೂ ಬೇಕು. ಒಂದು ಬದಿಯ ಕಚ್ಚಾವಸ್ತು ಹೊರಗಿನ ಗಾಳಿಯಿಂದಲೇ ಬರುವುದರಿಂದ ಅಷ್ಟು ಚಿಕ್ಕ ಡಬ್ಬಿಯಲ್ಲಿ ಅಷ್ಟು ಶಕ್ತಿ ಹಿಡಿಸುತ್ತದೆ. ಅದರಲ್ಲಿ ಕ್ರಿಯಾವರ್ಧಕವಾಗಿರುವುದು ಇಂಗಾಲದ ಮೇಲಿನ ಮ್ಯಾಂಗನೀಸ್ ಆಕ್ಸೈಡ್. ಒಮ್ಮೆ ಬಳಸಿ ಎಸೆಯುವ ಕೋಶಕ್ಕೆ ಅದು ಸಾಕು. ಮತ್ತೆ ಚಾರ್ಜ್ ಮಾಡಬೇಕೆಂದರೆ ಕ್ಯಾಥೋಡ್ ಆಮ್ಲಜನಕವನ್ನು ಅಪಕರ್ಷಿಸುವುದಷ್ಟೇ ಅಲ್ಲ, ಮರಳಿ ಬಿಡುಗಡೆ ಮಾಡುವುದನ್ನೂ ಬಲ್ಲದಾಗಿರಬೇಕು. ಸ್ಟ್ಯಾನ್‌ಫರ್ಡ್‌ನ ಹಾಂಗ್‌ಜಿಯೆ ಡೈ ತಂಡ 2011ರಲ್ಲಿ ಗ್ರ್ಯಾಫೀನ್ ಮೇಲೆ ಕೋಬಾಲ್ಟ್ ಆಕ್ಸೈಡ್ ಹರಳು ಬೆಳೆಸಿ ಎರಡನ್ನೂ ಸಾಧಿಸಿತು. ಬಿಡಿಯಾಗಿ ಗ್ರ್ಯಾಫೀನ್, ಆಕ್ಸೈಡ್ ಎರಡೂ ಮಂದ, ಕೂಡಿದಾಗ ಚುರುಕು. 2015ರಲ್ಲಿ ಲಿಮಿಂಗ್ ಡೈ ತಂಡ ಲೋಹವಿಲ್ಲದೆ, ಸಾರಜನಕ ಮತ್ತು ರಂಜಕ ಬೆರೆತ ಇಂಗಾಲದ ನೊರೆಯಿಂದ ಚಾರ್ಜ್ ಮಾಡಬಲ್ಲ ಸತು-ಗಾಳಿ ಕೋಶ ಓಡಿಸಿತು.

ಲಿಥಿಯಂ-ಗಾಳಿ ಬ್ಯಾಟರಿಯ ಕನಸು ಇನ್ನೂ ದೊಡ್ಡದು. 1996ರಲ್ಲಿ ಅಬ್ರಹಾಂ ಮತ್ತು ಜಿಯಾಂಗ್ ಅದನ್ನು ಸಾವಯವ ಎಲೆಕ್ಟ್ರೋಲೈಟಿನಲ್ಲಿ ತೋರಿಸಿದರು. ಇಲ್ಲಿ ಹುಟ್ಟುವ ಲಿಥಿಯಂ ಪೆರಾಕ್ಸೈಡ್ ಕರಗದ ಘನ. ವಿದ್ಯುತ್ತನ್ನು ಸಾಗಿಸದೆ ರಂಧ್ರಗಳನ್ನು ಮುಚ್ಚುತ್ತದೆ. ಜಾಗ ಹೆಚ್ಚಿರುವ ಗ್ರ್ಯಾಫೀನ್ ಆದ್ದರಿಂದ ಇಲ್ಲಿ ಕ್ರಿಯಾವರ್ಧಕಕ್ಕಿಂತ ಉಗ್ರಾಣವಾಗಿ ನೆರವಾಗುತ್ತದೆ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯ 2011ರಲ್ಲಿ ದೊಡ್ಡ-ಸಣ್ಣ ರಂಧ್ರಗಳ ಗ್ರ್ಯಾಫೀನ್‌ನಲ್ಲಿ ಪ್ರತಿ ಗ್ರಾಂಗೆ ಸುಮಾರು 15,000 ಮಿಲಿಆಂಪಿಯರ್-ಗಂಟೆ ವರದಿ ಮಾಡಿತು. ಆ ಅಂಕಿ ಇಂಗಾಲದ ತೂಕದ ಮೇಲಿನ ಲೆಕ್ಕ, ಇಡೀ ಬ್ಯಾಟರಿಯದಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ಚಾರ್ಜ್ ಮಾಡುವಾಗ ಸುಮಾರು 3.5 ವೋಲ್ಟ್ ದಾಟಿದರೆ ಇಂಗಾಲವೇ ಉತ್ಕರ್ಷಣಗೊಂಡು ಲಿಥಿಯಂ ಕಾರ್ಬೊನೇಟ್ ಕಟ್ಟಿಕೊಳ್ಳುತ್ತದೆ. ಈ ಬ್ಯಾಟರಿ ಪ್ರಯೋಗಾಲಯದ ಹೊರಗೆ ಬಾರದಿರಲು ಅದು ದೊಡ್ಡ ಕಾರಣಗಳಲ್ಲೊಂದು.

ಇಂಧನ ಕೋಶಕ್ಕೆ ಬೇಡವಾದ ಎರಡು ಎಲೆಕ್ಟ್ರಾನುಗಳ ದಾರಿಗೂ ಈಗ ಬೇಡಿಕೆ ಬಂದಿದೆ. ಗಾಯ ತೊಳೆಯುವುದರಿಂದ ಹಿಡಿದು ಕಾಗದದ ತಿರುಳು ಬಿಳಿಮಾಡುವವರೆಗೆ ಬಳಕೆಯಾಗುವ ಹೈಡ್ರೋಜನ್ ಪೆರಾಕ್ಸೈಡನ್ನು ಇಂದು ಬಹುತೇಕ ಆಂಥ್ರಾಕ್ವಿನೋನ್ ವಿಧಾನದಲ್ಲಿ ದೊಡ್ಡ ಕಾರ್ಖಾನೆಗಳಲ್ಲಿ ತಯಾರಿಸಿ, ಅಪಾಯಕಾರಿ ಸಾಂದ್ರತೆಯಲ್ಲಿ ದೂರದೂರಿಗೆ ಸಾಗಿಸುತ್ತಾರೆ. 2018ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ತಂಡಗಳು, ಆಮ್ಲಜನಕದ ಗುಂಪುಗಳನ್ನು ಹೊತ್ತ ನ್ಯಾನೋ ಕೊಳವೆ ಹಾಗೂ ಗ್ರ್ಯಾಫೀನ್ ಆಕ್ಸೈಡ್‌ಗಳು ಕ್ಷಾರದಲ್ಲಿ ಬಹುಪಾಲು ಪೆರಾಕ್ಸೈಡನ್ನೇ ಕೊಡುತ್ತವೆಂದು ಪ್ರತ್ಯೇಕವಾಗಿ ತೋರಿಸಿದವು. ಗಾಳಿ, ನೀರು ಮತ್ತು ಸೌರಫಲಕದ ವಿದ್ಯುತ್ತಿನಿಂದ, ಕುಡಿಯುವ ನೀರು ಶುದ್ಧೀಕರಿಸುವ ಸ್ಥಳದಲ್ಲೇ ದುರ್ಬಲ ಪೆರಾಕ್ಸೈಡ್ ತಯಾರಿಸುವ ಸಣ್ಣ ಉಪಕರಣಗಳು ಈ ಕೆಲಸದ ಮುಂದಿರುವ ಗುರಿ.